ಒಡಕಿಲ್ಲದ ಮಾತು

ಕಟಕಟೆಯ ಕಂಬಿಯ ಮೇಲೆ ಕೂರಿಸಿದ್ದ ಗಾಜಿನ ಗೋಳ ಮೊದಲು ಅರಿಶಿನ ಬಣ್ಣಕ್ಕೆ ತಿರುಗಿತು. ಒಂದೆರಡು ಸಲ ಮಿಣುಕಿತು. ಆಮೇಲೆ ಹಾಲಿನಂತೆ ಬೆಳ್ಳಗಾಗಿ ನಿಂತುಬಿಟ್ಟಿತು.

"ನನ್ನ ಗಂಡ ಆ ಸಂಜೆ ದೋಣಿಯನ್ನು ಮುಟ್ಟಲೇ ಇಲ್ಲ, ಮಹಾಸ್ವಾಮಿ," ಎಂದಳು ಕಟಕಟೆಯಲ್ಲಿ ನಿಂತಿದ್ದ ಹುಡುಗಿ. "ಹುಟ್ಟು ನಮ್ಮ ಹಿತ್ತಲ ಗೋಡೆಗೆ ಒರಗಿತ್ತು. ಅದರ ತುದಿ ಒಣಗಿತ್ತು. ನಾನೇ ಅದರ ಮೇಲೆ ಬಟ್ಟೆ ಹರವಿದ್ದೆ."

ಹುಡುಗಿಗೆ ಹದಿನೈದು ವರ್ಷ. ಹತ್ತನೆಯ ಇಯತ್ತೆ. ಗಂಡನ ಮಾತು ಹಾಗಿರಲಿ, ದೋಣಿಯನ್ನು ಅವಳು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಆದರೂ ಗೋಳದ ಕೆಳಗಿನ ಪುಟ್ಟ ಪರದೆಯ ಮೇಲೆ 'ಎರಡು' ಎಂಬ ಅಂಕಿ ಮೂಡಿತು. ಧಾರವಾಡದ ಆ ಸಭಾಂಗಣದಲ್ಲಿ ನೆರೆದಿದ್ದ ಹದಿನಾರು ಶಾಲೆಗಳ ಮಕ್ಕಳು ಒಮ್ಮೆಲೇ ಗುಜುಗುಜು ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಶಿವಯೋಗಿ ಹೊಂಬಳ ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವರ ತರಬೇತಿಯ ಹುಡುಗಿ ಅವಳು, ಮಂದಾರಾ ಬಳಿಗಾರ. ಅಣಕು ನ್ಯಾಯಾಲಯ ಸ್ಪರ್ಧೆಯ ಜಿಲ್ಲಾ ಸುತ್ತನ್ನು ಅವರ ಹಂಚಿನಾಳ ಸ್ಮಾರಕ ಪ್ರೌಢಶಾಲೆ ಮೂರನೆಯ ವರ್ಷವೂ ಗೆದ್ದಂತಾಯಿತು.

ಆ ಗೋಳದ ಹೆಸರು ಒಳದನಿ ಮಾಪಕ. ಅದನ್ನು ಕಂಡುಹಿಡಿದವರು ಡಾ. ವಾರಿಜಾ ಇನಾಮದಾರ ಎಂಬ ವಿಜ್ಞಾನಿ. ಮನುಷ್ಯ ಬಾಯಿಬಿಟ್ಟು ಒಂದು ಮಾತು ಆಡುವಾಗ ಅವನ ಮನಸ್ಸೂ ಸದ್ದಿಲ್ಲದೆ ಇನ್ನೊಂದು ಮಾತು ಆಡುತ್ತಿರುತ್ತದೆ ಎಂಬುದು ಅವರ ಸಿದ್ಧಾಂತ. ಆ ಸದ್ದಿಲ್ಲದ ಮಾತು ಗಂಟಲಿನ ನರಗಳಲ್ಲಿ ಅತಿ ಸಣ್ಣ ನಡುಕವಾಗಿ ಓಡುತ್ತದೆ. ಅದಕ್ಕೆ ಅವರು ಮೌನಕಂಪನ ಎಂದು ಹೆಸರಿಟ್ಟರು. ಗೋಳದೊಳಗಿನ ಯಂತ್ರ ನಾಲ್ಕು ಮಾರು ದೂರದಿಂದಲೇ ಈ ಮೌನಕಂಪನವನ್ನು ಹಿಡಿದು, ಆಡಿದ ಮಾತಿನ ಪಕ್ಕದಲ್ಲಿಟ್ಟು ಅಳೆಯುತ್ತಿತ್ತು. ಎರಡರ ನಡುವಿನ ಅಂತರಕ್ಕೆ ಒಡಕು ಎಂದು ಹೆಸರು. ಒಡಕು ಐದಕ್ಕಿಂತ ಕಡಿಮೆಯಿದ್ದರೆ ದೀಪ ಬಿಳಿ, ನಲವತ್ತು ದಾಟಿದರೆ ಕೆಂಪು, ನಡುವೆ ಅರಿಶಿನ.

ಇಂಥ ಯಂತ್ರ ಶಾಲಾ ಸ್ಪರ್ಧೆಗೆ ಏಕೆ ಬಂತು ಎಂದರೆ, ಅದಕ್ಕೂ ಒಂದು ಕಾರಣವಿತ್ತು. ಮೊದಲೆಲ್ಲ ಮಕ್ಕಳು ಗಿಳಿಪಾಠ ಒಪ್ಪಿಸಿ ಹೋಗುತ್ತಿದ್ದರು. ತೀರ್ಪುಗಾರರಾಗಿ ಬಂದ ವಕೀಲರು ಆಕಳಿಸುತ್ತಿದ್ದರು. ಹೃದಯದಿಂದ ಮಾತಾಡುವ ಮಗುವಿಗೆ ಬಹುಮಾನ ಸಿಗಲಿ ಎಂದು ಯಾರೋ ಪುಣ್ಯಾತ್ಮರು ನೂರರಲ್ಲಿ ನಲವತ್ತು ಗುಣಾಂಕಗಳನ್ನು ದೀಪಕ್ಕೆ ಬಿಟ್ಟುಕೊಟ್ಟರು. ಪಜೀತಿ ಶುರುವಾದದ್ದು ಅಲ್ಲಿಂದ. ಏಕೆಂದರೆ ಆ ಸ್ಪರ್ಧೆಯಲ್ಲಿ ಯಾವ ತಂಡ ಯಾವ ಪಕ್ಷ ಎಂಬುದು ಮೊದಲೇ ತಿಳಿಯುವುದಿಲ್ಲ. ಬೆಳಗ್ಗೆ ಚೀಟಿ ಎತ್ತಬೇಕು. ವಾದಿ ಎಂದು ಬಂದರೆ ದೋಣಿಯವನು ಪಾಪಿ, ಪ್ರತಿವಾದಿ ಎಂದು ಬಂದರೆ ಅದೇ ದೋಣಿಯವನು ದೇವರಂಥ ಮನುಷ್ಯ. ಚೀಟಿ ನೋಡಿ ಬಾಯಿ ತಿರುಗಿಸಬಹುದು, ಹೃದಯವನ್ನು ತಿರುಗಿಸುವುದು ಹೇಗೆ?

ಹೊಂಬಳ ಮಾಸ್ತರರು ತಿರುಗಿಸಿದರು. ಯಂತ್ರ ಬಂದ ಮೊದಲ ವರ್ಷ ಅವರ ತಂಡದ ದೀಪ ಸುತ್ತಿನುದ್ದಕ್ಕೂ ಕೆಂಪಾಗಿಯೇ ಇತ್ತು, ಕೊನೆಯ ಸ್ಥಾನ ಬಂತು. ಮಾಸ್ತರರು ಛಲದ ಮನುಷ್ಯ. ಒಂದು ಬೇಸಿಗೆಯೆಲ್ಲ ಕೂತು ತಮ್ಮದೇ ಒಂದು ವಿಧಾನ ಕಟ್ಟಿದರು. ಸಾಕ್ಷಿಯ ಹೇಳಿಕೆಯನ್ನು ಅವರು ಹಳದಿ ಹಾಳೆಯ ಮೇಲೆ ಕೈಯಾರೆ ಬರೆದುಕೊಡುವರು. ಮಗು ಅದನ್ನು ಮೂರು ಸಲ ಓದಬೇಕು. ಆಮೇಲೆ ಕಣ್ಣುಮುಚ್ಚಿ ಆ ಜಾಗದಲ್ಲಿ ಓಡಾಡಬೇಕು: ಕಾಲಡಿ ಏನಿತ್ತು, ಗಾಳಿಯಲ್ಲಿ ಯಾವ ವಾಸನೆಯಿತ್ತು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು. ಎದುರು ಪಕ್ಷದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಬೇಕು. 'ಅನಸ್ತೈತಿ' ಎಂಬ ಮಾತು ಬಾಯಿಗೆ ಬಂದರೆ ಮತ್ತೆ ಮೊದಲಿನಿಂದ. "ಚೀಟಿ ಬಿಚ್ಚಿದ ಮ್ಯಾಲ ಅದ ಖರೆ. ಬ್ಯಾರೆ ಖರೆ ಜಗತ್ತಿನ್ಯಾಗ ಇಲ್ಲ," ಎಂದು ಅವರು ಹೇಳಿಕೊಡುತ್ತಿದ್ದರು. ಮಕ್ಕಳು ಮೇಣದಂಥವರು, ಒತ್ತಿದ ಅಚ್ಚು ಮೂಡುತ್ತದೆ. ಮಂದಾರಾಳಂತೂ ಎಂಟನೆಯ ಇಯತ್ತೆಯಿಂದ ಅವರ ಕೈಯಲ್ಲೇ ತಯಾರಾದವಳು.

ಅವತ್ತು ಬಹುಮಾನ ಕೊಡಲು ಬಂದವರು ಸ್ವತಃ ಡಾ. ವಾರಿಜಾ. ಎಪ್ಪತ್ತರ ಹತ್ತಿರದ, ಸಣಕಲು ಮೈಯ, ಚುರುಕು ಕಣ್ಣಿನ ಹೆಂಗಸು. ಸಮಾರಂಭ ಮುಗಿದ ಮೇಲೆ ಅವರು ಮಾಸ್ತರರನ್ನು ಪಕ್ಕಕ್ಕೆ ಕರೆದರು.

"ಆ ಹುಡುಗಿ ಎರಡು ತಗೊಂಡ್ಲಲ್ಲ, ಹೆಂಗರೀ ಅದು? ನನ್ನ ಪ್ರಯೋಗಾಲಯದಾಗ ತಮ್ಮ ಸ್ವಂತ ಹೆಸರು ಹೇಳೋವಾಗ ಸುದ್ದಾ ಮಂದಿಗೆ ಮೂರು ಬರ್ತದ."

"ನಂಬಿಸ್ತೀನ್ರಿ ಮೇಡಂ," ಎಂದರು ಮಾಸ್ತರರು ಹೆಮ್ಮೆಯಿಂದ. "ನಂಬಿದ ಮ್ಯಾಲ ಒಡಕು ಎಲ್ಲಿಂದ ಬರಬೇಕ್ರಿ?"

"ಸ್ಪರ್ಧೆ ಮುಗಿದ ಮ್ಯಾಲ? ಆ ನಂಬಿಕಿ ಬಿಡಸ್ತೀರಿ ಹೌದಲ್ಲೋ?"

ಮಾಸ್ತರರು ನಕ್ಕುಬಿಟ್ಟರು. ಹಬ್ಬ ಮುಗಿದ ಮೇಲೆ ತೋರಣ ಬಿಚ್ಚುವುದನ್ನು ಯಾರಾದರೂ ಹೇಳಿಕೊಡಬೇಕೇ, ಅದು ತಾನಾಗಿ ಒಣಗಿ ಬೀಳುತ್ತದೆ ಎಂದು ಅವರ ಎಣಿಕೆ. ವಾರಿಜಾ ಏನೋ ಹೇಳಲು ಹೋದರು. ಅಷ್ಟರಲ್ಲಿ ಫೋಟೋ ತೆಗೆಯುವವರು ಕರೆದರು.

ರಾಜ್ಯ ಸುತ್ತಿಗೆ ಹನ್ನೆರಡು ದಿನ ಉಳಿದಿತ್ತು. ಶಾಲೆಯಲ್ಲಿ ಅಡುಗೆ ಮಾಡುವ ಫಕೀರವ್ವ ಎಂದಿನಂತೆ ಮಧ್ಯಾಹ್ನದ ಊಟಕ್ಕೆ ಸಾರು ಕುದಿಸಿದ್ದಳು. ಹದಿನಾಲ್ಕು ವರ್ಷದಿಂದ ಆ ಒಲೆ ಅವಳದು. ಯಾವ ಮಗು ಬದನೆಕಾಯಿ ಮುಟ್ಟುವುದಿಲ್ಲ, ಯಾವುದು ಎರಡನೆಯ ಸಲ ಕೇಳಲು ನಾಚುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಸಾರಿನ ದೊಡ್ಡ ಬೋಗಾಣಿಯನ್ನು ಅವಳು ದಿನಾ ಅಡುಗೆಮನೆಯ ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲಿಡುತ್ತಿದ್ದಳು. ಅವತ್ತು ಗಂಟೆ ಬಾರಿಸಿದ್ದೇ ತಡ, ಮಕ್ಕಳು ಪಡಸಾಲೆಯಲ್ಲಿ ಹೋ ಎಂದು ಓಡಿ ಬಂದರು. ಆ ನೂಕುನುಗ್ಗಲಿನಲ್ಲಿ ಬೋಗಾಣಿ ಉರುಳಿತು. ಎಂಟನೆಯ ಇಯತ್ತೆಯ ಶಿವಲೀಲಾ ಎಂಬ ಹುಡುಗಿಯ ಎಡಗಾಲು ಮೊಣಕಾಲವರೆಗೆ ಬೆಂದುಹೋಯಿತು. ಫಕೀರವ್ವ ಒಂದು ಕ್ಷಣವೂ ನಿಲ್ಲದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯವರೆಗೆ ಓಡಿದಳು.

ಅರ್ಧ ಗಂಟೆಯ ಮೇಲೆ ಮಂದಾರಾ ತರಬೇತಿ ಕೋಣೆಗೆ ಬಂದಳು. ಚೀಲವನ್ನು ಹೆಗಲಿಂದ ಇಳಿಸಿ ಎದೆಗೆ ಹಿಡಿದಿದ್ದಳು.

"ಸರ, ನನ್ನ ಚೀಲ ಬೋಗಾಣಿಗೆ ತಾಗಿತೇನೋ ಅನಸ್ತೈತ್ರಿ."

ಮಾಸ್ತರರ ತಲೆಯಲ್ಲಿ ರಾಜ್ಯ ಸುತ್ತಿನ ಮೊಕದ್ದಮೆ ಕುಣಿಯುತ್ತಿತ್ತು. ಮೂರು ವರ್ಷದ ರೂಢಿ ಬಾಯಿಗೆ ಬಂತು. "ಅನಸ್ತೈತಿ ಅನ್ನೂದು ಸಾಕ್ಷಿ ಅಲ್ಲವಾ. ಕಣ್ಣಲೆ ಕಂಡಿಯೇನು?"

"ಇಲ್ರಿ. ಹಿಂದ ಏನೋ ತಾಗಿದಂಗಾತು, ತಿರುಗಿ ನೋಡೂದ್ರಾಗ..."

"ಕಂಡಿಲ್ಲ ಅಂದ್ರ ಬಿಡು. ಹೋಗಿ ನೀರು ಕುಡದು ಬಾ, ಅಭ್ಯಾಸ ಶುರು ಮಾಡೂಣು."

ಹುಡುಗಿ ಸುಮ್ಮನಾದಳು. ಆ ಸುಮ್ಮನಾದದ್ದನ್ನು ಮಾಸ್ತರರು ನೆಮ್ಮದಿ ಎಂದು ತಿಳಿದರು. ಅಯ್ಯೋ, ಅವರು ಆಗ ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಶಿವಲೀಲಾಳ ತಂದೆ ದೂರು ಕೊಟ್ಟರು. ಆ ಹೊತ್ತಿಗೆ ಕಚೇರಿಗಳ ವಿಚಾರಣೆಗೂ ಒಳದನಿ ಮಾಪಕ ಬಂದಾಗಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಯಂತ್ರದೊಡನೆ ಬರುತ್ತಾರೆಂದು ತಿಳಿದಾಗ ಮುಖ್ಯೋಪಾಧ್ಯಾಯ ಪಡೇಸೂರರು ಮಾಸ್ತರರನ್ನು ಕರೆಸಿದರು.

"ಹುಡುಗರ ದಾಂಧಲೆ ಅಂತ ಬಂದ್ರ ರಾಜ್ಯ ಸ್ಪರ್ಧೆಗೆ ಕಳಸೂದಿಲ್ಲ ಅಂತಾರ್ರಿ ಹೊಂಬಳ. ಬೋಗಾಣಿ ಹಾದಿ ಒಳಗ ಇತ್ತು ಅನ್ರಿ, ಮುಗೀತು. ಫಕೀರವ್ವಗೇನು, ಇನ್ನ ಮ್ಯಾಲ ಹುಷಾರು ಅಂತ ಒಂದು ಕಾಗದ ಕೊಡ್ತಾರ ಅಷ್ಟ. ನಿಮ್ಮ ಬಳಿಗಾರ ಹುಡುಗಿ ಅಲ್ಲೇ ಇದ್ಲಲ್ಲ, ಆಕಿ ಹೇಳಿಕಿ ಬರಸ್ರಿ."

ಮಾಸ್ತರರು ಮೇಜಿನ ಖಾನೆ ಎಳೆದರು. ಕೈಗೆ ಬಂದದ್ದು ಹಳದಿ ಹಾಳೆ. ಬರೆಯಲು ಕೂತರೆ ಅವರ ಕೈ ನಿಲ್ಲುವಂಥದ್ದಲ್ಲ. ಬೋಗಾಣಿ ಪಡಸಾಲೆಯ ನಡುವೆ, ಮೂರನೆಯ ಕಂಬದ ಬುಡದಲ್ಲಿತ್ತು ಎಂದು ಬರೆದರು. ಕೆಳಗೆ ಹಾಸುಗಲ್ಲು ಒದ್ದೆಯಾಗಿತ್ತು ಎಂದು ಸೇರಿಸಿದರು. ಒಗ್ಗರಣೆಯ ಇಂಗಿನ ವಾಸನೆಯನ್ನೂ ಬಿಡಲಿಲ್ಲ. ಒಂದು ಕಾಗದದ ಎಚ್ಚರಿಕೆಯಿಂದ ಫಕೀರವ್ವನಿಗೆ ಏನೂ ಆಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಹಾಳೆಯನ್ನು ಮಂದಾರಾಳ ಮುಂದಿಟ್ಟರು.

"ಓದಿ ಸಹಿ ಮಾಡವ್ವಾ."

ಹುಡುಗಿ ಹಾಳೆಯ ಬಣ್ಣ ನೋಡಿದಳು, ಮಾಸ್ತರರ ಮುಖ ನೋಡಿದಳು. ಮೂಲೆಯ ಬೆಂಚಿಗೆ ಹೋಗಿ ಕುಳಿತು ಮೂರು ಸಲ ಓದಿದಳು. ಆಮೇಲೆ ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಮಾಸ್ತರರಿಗೆ ಅದು ಕಂಡಿತು. ಬೇಡ ಮಗಳೇ, ಇದು ಸ್ಪರ್ಧೆಯಲ್ಲ, ಕಣ್ಣು ತೆಗೆ ಎನ್ನಲು ಅವರಿಗೆ ಒಂದು ಪೂರ್ತಿ ನಿಮಿಷ ಸಮಯವಿತ್ತು. ಅವರು ಎನ್ನಲಿಲ್ಲ.

ವಿಚಾರಣೆ ಮುಖ್ಯೋಪಾಧ್ಯಾಯರ ಕೋಣೆಯಲ್ಲೇ ನಡೆಯಿತು. ಫಕೀರವ್ವ ಕುರ್ಚಿಯ ತುದಿಯಲ್ಲಿ, ಸೆರಗು ಬಿಗಿಹಿಡಿದು ಕುಳಿತಿದ್ದಳು. ಎದುರಿಗೆ ಗಾಜಿನ ಗೋಳ.

"ಬೋಗಾಣಿ ಎಲ್ಲಿ ಇಟ್ಟಿದ್ರಿ?" ಎಂದು ಅಧಿಕಾರಿ ಕೇಳಿದರು.

"ಕಟ್ಟಿ ಮ್ಯಾಲ್ರಿ. ದಿನಾ ಅಲ್ಲೇ ಇಡ್ತೀನ್ರಿ."

"ದಿನದ ಮಾತು ಬ್ಯಾಡ. ಆ ದಿನ?"

"ಆ ದಿನಾನೂ ಅಲ್ಲೇ..." ಅವಳು ತಡೆದಳು. ಸುಟ್ಟ ಕಾಲಿನ ಮಗು ಅವಳ ಹೆಗಲ ಮೇಲೆ ಚೀರುತ್ತಿದ್ದದ್ದು ನೆನಪಾಗಿರಬೇಕು. "ಅಲ್ಲೇ ಇಟ್ಟಿರಬೇಕ್ರಿ."

ದೀಪ ಅರಿಶಿನವಾಯಿತು, ಕಿತ್ತಳೆಯಾಯಿತು, ಕೆಂಪಾಯಿತು. ಅಂಕಿ ಐವತ್ತೇಳು. ಫಕೀರವ್ವ ಆ ಕೆಂಪನ್ನು ನೋಡಿದ ರೀತಿ ಮಾಸ್ತರರಿಗೆ ಮರೆಯಲು ಆಗಲೇ ಇಲ್ಲ. ತನ್ನ ಬಗ್ಗೆ ತನಗಿಂತ ಹೆಚ್ಚು ತಿಳಿದವರನ್ನು ನೋಡಿದ ಹಾಗೆ ನೋಡಿದಳು.

ಆಮೇಲೆ ಮಂದಾರಾ ಬಂದಳು. ಮೂರನೆಯ ಕಂಬ, ಒದ್ದೆ ಹಾಸುಗಲ್ಲು, ಇಂಗಿನ ವಾಸನೆ. ದೀಪ ಮಿಣುಕಲೂ ಇಲ್ಲ, ನೇರವಾಗಿ ಬಿಳಿ. ಅಂಕಿ ಎರಡು.

ಫಕೀರವ್ವನಿಗೆ ಬಂದ ಕಾಗದ ಎಚ್ಚರಿಕೆಯದಾಗಿರಲಿಲ್ಲ. ಮಗುವಿಗೆ ಗಾಯ ಮಾಡಿದ್ದಲ್ಲದೆ ವಿಚಾರಣೆಯಲ್ಲಿ ಸುಳ್ಳು ಹೇಳಿದಳು ಎಂದು ಅವಳನ್ನು ಅಡುಗೆಯಿಂದ ಬಿಡಿಸಿದರು. ಹದಿನಾಲ್ಕು ವರ್ಷದ ಒಲೆ ಬಿಟ್ಟು ಅವಳು ತನ್ನ ಸಟ್ಟುಗವೊಂದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಮಾಸ್ತರರ ತಂಡ ರಾಜ್ಯ ಸುತ್ತನ್ನು ಗೆದ್ದಿತು. ಶಾಲೆಯಲ್ಲಿ ಪೇಢೆ ಹಂಚಿದರು. ಮಾಸ್ತರರು ತಮ್ಮ ಪಾಲಿನದನ್ನು ಮುಟ್ಟಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಮಾಸ್ತರರದೂ ಹಾಗೇ ಆಯಿತು. ಒಂದು ತಿಂಗಳು ತಮ್ಮೊಳಗೇ ಬೆಂದರು. ಕೊನೆಗೆ ಮಂದಾರಾಳನ್ನು ಕರೆದು ಕೂರಿಸಿಕೊಂಡು ಹೇಳಿದರು, "ತಪ್ಪು ನಂದವ್ವಾ, ನಿಂದಲ್ಲ. ಅವತ್ತು ನೀ ಬಂದು ಚೀಲ ತಾಗಿತು ಅಂದಿದ್ದಿ. ನಾ ಕೇಳಲಿಲ್ಲ. ಈಗ ಇಬ್ಬರೂ ಹೋಗಿ ಖರೆ ಹೇಳೂಣು."

ಹುಡುಗಿ ಅವರನ್ನು ಬೆರಗಿನಿಂದ ನೋಡಿದಳು. "ನಾನಾ? ನಾ ಹಂಗ ಅಂದಿಲ್ರಿ ಸರ. ಬೋಗಾಣಿ ಮೂರನೇ ಕಂಬದ ಬುಡಕ್ಕಿತ್ತು. ನನಗ ಈಗೂ ಕಣ್ಣಿಗೆ ಕಟ್ಟಿದಂಗ ಐತಿ."

"ಅದು ನಾ ಬರದದ್ದವ್ವಾ. ಕಂಬ ನಾ ಬರದದ್ದು. ಇಂಗು ನಾ ಬರದದ್ದು."

"ಇಲ್ರಿ ಸರ. ನಾ ಕಂಡೀನ್ರಿ." ಅವಳ ಕಣ್ಣಲ್ಲಿ ನೀರು ಬಂತು. ಗುರುಗಳು ತನ್ನನ್ನು ಸುಳ್ಳುಗಾರ್ತಿ ಎನ್ನುತ್ತಿದ್ದಾರೆ ಎಂಬ ನೋವು ಅದು. ಮಾಸ್ತರರು ಅವಳ ತಲೆ ಸವರಿ ಕಳಿಸಿಬಿಟ್ಟರು.

ಮರುದಿನ ಅವರು ಡಾ. ವಾರಿಜಾ ಅವರ ಪ್ರಯೋಗಾಲಯಕ್ಕೆ ಹೋದರು. ಎಲ್ಲವನ್ನೂ, ಹಳದಿ ಹಾಳೆಯ ಸಮೇತ, ಹೇಳಿಕೊಂಡರು.

"ಆಕಿಗೆ ಮೊದಲಿನ ನೆನಪು ತಿರುಗಿ ತರಲಿಕ್ಕೆ ಬರ್ತದೇನ್ರಿ ಮೇಡಂ?"

"ಎಲ್ಲಿಂದ ತರೋಣ್ರೀ? ನೆನಪು ಅಂದ್ರ ಪೆಟ್ಟಿಗಿಯೊಳಗ ಇಟ್ಟ ಸೀರಿ ಅಲ್ಲ. ಪ್ರತಿ ಸಲ ನೆನಸಿಕೊಂಡಾಗ ಅದನ್ನ ಹೊಸದಾಗಿ ನೇಯ್ತೀವಿ. ನೀವು ಆಕಿಗೆ ಬ್ಯಾರೆ ನೂಲು ಕೊಟ್ರಿ, ಆಕಿ ನೇಯ್ದಳು. ಹಳೇದು ಎಲ್ಲದ ಈಗ?"

"ಆದ್ರ ನಿಮ್ಮ ದೀಪ ಖರೆ ಯಾವುದು, ಸುಳ್ಳು ಯಾವುದು ಹೇಳ್ತೈತಲ್ರಿ."

"ಯಾರಂದ್ರು?" ವಾರಿಜಾ ಬೇಸರದಿಂದ ಕೇಳಿದರು. "ನಾ ಒಂದ ಸಲನೂ ಹಂಗ ಅಂದಿಲ್ಲ. ಮಾತು ಮನಸ್ಸು ಒಂದ ಅದಾವೋ ಇಲ್ಲೋ, ಅಷ್ಟ ಅದು ಹೇಳ್ತದ. ಮನಸ್ಸಿನ್ಯಾಗ ಇರೋದು ಖರೆನೋ ಸುಳ್ಳೋ ಅದಕ್ಕ ಹೆಂಗ ಗೊತ್ತಾಗಬೇಕು? ಮಂದಿಗೆ ತಾಳ್ಮಿ ಇಲ್ಲ. ದೀಪ ಬಿಳಿ ಅಂದ್ರ ಖರೆ ಅಂದ್ಬಿಟ್ರು. ನಾನೂ ಬಾಯಿ ಮುಚ್ಚಿಕೊಂಡು ಕೂತೆ. ಹಾರ ಹಾಕಿಸ್ಕೊಂಡೆ."

"ಫಕೀರವ್ವಗ ಯಾಕ ಕೆಂಪು ಬಂತ್ರಿ? ಆಕಿ ಹೇಳಿದ್ದು ಖರೇನ ಇತ್ತು."

"ಕುಂಬಳಕಾಯಿ ಕಳ್ಳ ಅಂದ್ರ ಕಳ್ಳ ಒಬ್ಬನ ಹೆಗಲು ಮುಟ್ಟಿ ನೋಡ್ಕೋತಾನ ಅಂತ ತಿಳಿದೀರೇನು? ಪಾಪಭೀರು ಇದ್ದವರು ಅವನಕಿಂತ ಮೊದಲ ನೋಡ್ಕೋತಾರ. ಮಗುವಿನ ಕಾಲು ಸುಟ್ಟದ, ಬೋಗಾಣಿ ಆಕಿದು. ನಾ ಎಲ್ಲಿ ತಪ್ಪಿದ್ನೋ ಅಂತ ಆಕಿ ಮನಸ್ಸು ಒಳಗ ಕೇಳಿಕೋತ ಇತ್ತು. ಯಂತ್ರ ಅದನ್ನ ಒಡಕು ಅಂತು. ಖರೆ ಹೇಳೋ ಮನುಷ್ಯಾಗ ಒಂದಿಷ್ಟು ಅನುಮಾನ ಇದ್ದ ಇರ್ತದ ಮಾಸ್ತರ. ಅನುಮಾನನ ಇಲ್ಲದವರನ್ನ ನೀವು ತಯಾರ ಮಾಡಿದ್ರಿ, ಅವರಿಗೆ ಗುಣ ಕೊಡೋ ಯಂತ್ರ ನಾ ಮಾಡಿದೆ."

ಮಾಸ್ತರರು ಅಲ್ಲೇ ಕುಳಿತು ಮರುವಿಚಾರಣೆಗೆ ಅರ್ಜಿ ಬರೆದರು. ವಾರಿಜಾ ತಾವೂ ಒಂದು ಪತ್ರ ಲಗತ್ತಿಸಿದರು. ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆದು, ದಿನ ಗೊತ್ತಾಗುವಷ್ಟರಲ್ಲಿ ಮತ್ತೆ ನಾಲ್ಕು ತಿಂಗಳು ಕಳೆಯಿತು. ಅದರ ನಡುವೆ ಮಾಸ್ತರರು ಎರಡು ಸಲ ಫಕೀರವ್ವನ ಮನೆಗೆ ಹೋಗಿದ್ದರು. ಮೊದಲ ಸಲ ಕೈಮುಗಿದು ಎಲ್ಲ ಹೇಳಿದರು. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಇರಲಿ ಬಿಡ್ರಿ ಸರ," ಎಂದಳಷ್ಟೇ. ಎರಡನೆಯ ಸಲ ಹೋದಾಗ, "ನೀ ಕಟ್ಟಿ ಮ್ಯಾಲ ಇಟ್ಟಿದ್ದಿ. ಹಂಗ ಹೇಳು ಸಾಕು, ಉಳಿದದ್ದು ನಾ ಹೇಳ್ತೀನಿ," ಎಂದು ಧೈರ್ಯ ತುಂಬಿ ಬಂದರು. ಅವಳು ತಲೆಯಾಡಿಸಿದ್ದಳು.

ಮರುವಿಚಾರಣೆಗೂ ಅದೇ ಕೋಣೆ, ಅದೇ ಅಧಿಕಾರಿ. ಮಾಸ್ತರರು ಮೊದಲು ಕುಳಿತರು. ಅಂದು ಮಂದಾರಾ ಬಂದು ಹೇಳಿದ್ದು, ತಾವು ಅವಳ ಬಾಯಿ ಮುಚ್ಚಿಸಿದ್ದು, ಹಾಳೆ ಬರೆದದ್ದು, ಯಾವುದನ್ನೂ ಬಚ್ಚಿಡಲಿಲ್ಲ. ದೀಪ ಬಿಳಿಯಾಗಿಯೇ ಇತ್ತು. ಮುಖ್ಯೋಪಾಧ್ಯಾಯರು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ಆಮೇಲೆ ಮಂದಾರಾ ಬಂದು ಅದೇ ಮೂರನೆಯ ಕಂಬದ ಮಾತು ಹೇಳಿ ಹೋದಳು.

"ನಿಮ್ಮ ಮಾತಿನ್ಯಾಗ ಒಡಕಿಲ್ಲ ಸರ," ಎಂದರು ಅಧಿಕಾರಿ, ಮೃದುವಾಗಿಯೇ. "ಆದ್ರ ನೀವು ಬೋಗಾಣಿ ಕಂಡಿಲ್ಲ. ಕಂಡೀನಿ ಅನ್ನೋ ಹುಡುಗಿ ಇವತ್ತೂ ಕಂಡೀನಿ ಅಂತಾಳ, ಆಕಿಗೂ ಬಿಳಿ. ಇನ್ನ ಉಳಿದಾಕಿ ಫಕೀರವ್ವ ಒಬ್ಬಾಕಿ. ಈಕಿ ಈ ಸಲ ಬಿಳಿ ದೀಪದಾಗ ಕಟ್ಟಿ ಮ್ಯಾಲ ಇಟ್ಟಿದ್ದೆ ಅಂದ್ರ, ನಾ ಮೊದಲಿನ ಆದೇಶ ರದ್ದು ಮಾಡ್ತೀನಿ."

ಫಕೀರವ್ವ ಬಂದು ಕುಳಿತಳು. ಈ ಸಲ ಕುರ್ಚಿಯ ತುದಿಯಲ್ಲಲ್ಲ, ಪೂರ್ತಿ ಒರಗಿ.

"ಬೋಗಾಣಿ ಎಲ್ಲಿ ಇಟ್ಟಿದ್ದಿಯವ್ವಾ?"

"ಹಾದಿ ಒಳಗ್ರಿ," ಎಂದಳು ಫಕೀರವ್ವ. "ಕಂಬದ ಬುಡಕ್ಕ. ಇಟ್ಟಾಕಿ ನಾನ ರೀ."

ದೀಪ ಬೆಳ್ಳಗೆ ಹೊತ್ತಿಕೊಂಡಿತು. ಪರದೆಯ ಮೇಲೆ ಬಂದ ಅಂಕಿ ಸೊನ್ನೆ. ಅಷ್ಟು ವರ್ಷಗಳ ಸ್ಪರ್ಧೆಗಳಲ್ಲಿ ಮಾಸ್ತರರು ಸೊನ್ನೆ ಕಂಡಿರಲಿಲ್ಲ. ಅಧಿಕಾರಿ ಲೇಖನಿ ಎತ್ತಿಕೊಂಡು ಏನೋ ಬರೆದರು, ಕಡತ ಕಟ್ಟಿದರು. ಅದರ ಮೇಲೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಶಾಲೆಯ ಗೇಟಿನ ಹೊರಗೆ ಮಾಸ್ತರರು ಅವಳನ್ನು ಹಿಡಿದು ನಿಲ್ಲಿಸಿದರು. "ಯಾಕವ್ವಾ ಹಂಗ ಅಂದಿ? ನೀ ಇಟ್ಟಿರಲಿಲ್ಲಲ್ಲ."

"ಇಟ್ಟಿದ್ನಿರಿ ಸರ. ಮೊದಲಿಗೆ ನನಗೂ ತಿಳೀಲಿಲ್ಲ. ದೀಪ ಕೆಂಪಾದ ಮ್ಯಾಲ, ಇಷ್ಟೆಲ್ಲಾ ಮಂದಿ ಹೇಳ್ತಾರಂದ್ರ ನನ್ನ ಒಳಗ ಏನೋ ಸುಳ್ಳು ಐತಿ ಅಂತ ದಿನಾ ಕುಂತು ಹುಡಿಕ್ಯಾಡಿದ್ನಿ. ಹುಡುಕಿ ಹುಡುಕಿ ಒಂದಿನ ಕಂಡ್ತ್ರಿ. ಕಂಬ, ಒದ್ದಿ ಕಲ್ಲು, ಎಲ್ಲಾ. ಈಗ ಮನಸ್ಸು ಹಗರ ಆಗೇತಿ." ಅವಳು ಸೆರಗು ಸರಿಮಾಡಿಕೊಂಡು ಅವರ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಆದ್ರ ಸರ, ನನ್ನ ಸಲುವಾಗಿ ನೀವು ಅಲ್ಲಿ ಕುಂತು ಸುಳ್ಳು ಹೇಳಬಾರದಾಗಿತ್ರಿ. ಹುಡುಗರಿಗೆ ಕಲಸಾವರು ನೀವು."